ಕೃಷ್ಣಾ ಹೊಳೆಯ ಮಹಾಪೂರಕ್ಕೆ ಕೊಯ್ನಾ ಕಾರಣವೋ, ಆಲಮಟ್ಟಿಯೋ?

ಪ್ರಶ್ನೆ: ನಮ್ಮದು ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣಾ ದಡದ ಊರು. 2019ರ ಮಹಾಪೂರದಲ್ಲಿ ಮನೆ ಬಿತ್ತು. 2021ರಲ್ಲಿ ಕಬ್ಬು ಹೋಯಿತು. ಮೇಲೆ ಮಹಾರಾಷ್ಟ್ರದಲ್ಲಿರುವ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದೇ ಕಾರಣ ಎಂದು ನಮ್ಮೂರಿನವರು ಹೇಳುತ್ತಾರೆ. ಸಾಂಗ್ಲಿಯಲ್ಲಿರುವ ನೆಂಟರು ಕೆಳಗಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಕಾರಣ ಎನ್ನುತ್ತಾರೆ. ಯಾರ ಮಾತು ನಿಜ? ಊರಿಗೆ ತಡೆಗೋಡೆ ಕಟ್ಟಿಸಿದರೆ ಸಾಕಾಗುತ್ತದೆಯೇ? ಹಳೇ ಜಾಗದಲ್ಲೇ ಮತ್ತೆ ಮನೆ ಕಟ್ಟಬಹುದೇ?

ಉತ್ತರ: ಮೊದಲು ಲೆಕ್ಕ ಹಾಕೋಣ. ಯಾರನ್ನು ಬೈಯಬೇಕು ಅನ್ನೋದು ಆಮೇಲೆ.

ಪೇಪರಿನಲ್ಲಿ ಟಿಎಂಸಿ, ಕ್ಯುಸೆಕ್ ಎಂದು ಎರಡು ಅಳತೆ ಬರುತ್ತವೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯಿತು ಎನ್ನುವ ಲೆಕ್ಕ. ಹೊಳೆಯಲ್ಲಿ 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ ಆಗುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಹೊರಗೆ ಬಿಟ್ಟ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಅಂದರೆ ದಿನಕ್ಕೆ 43 ಟಿಎಂಸಿ. ಕೊಯ್ನಾ ಜಲಾಶಯ ತುಂಬಿದರೆ 105 ಟಿಎಂಸಿ. ಆಲಮಟ್ಟಿ 519.6 ಮೀಟರ್ ಮಟ್ಟದಲ್ಲಿ 123 ಟಿಎಂಸಿ. ಆಲಮಟ್ಟಿ ಪೂರ್ತಿ ಖಾಲಿ ಇದ್ದಿದ್ದರೂ ಆ ಹರಿವಿಗೆ ಮೂರು ದಿನದೊಳಗೆ ತುಂಬುತ್ತಿತ್ತು. ಅಷ್ಟು ನೀರನ್ನು ಹಿಡಿದಿಡುವ ಅಣೆಕಟ್ಟು ಈ ಹೊಳೆಗೆ ಇಲ್ಲ. ಇನ್ನು ಕಟ್ಟುವುದೂ ಆಗದ ಮಾತು.

ಇಷ್ಟು ನೀರು ಬರುವುದು ಎಲ್ಲಿಂದ? ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿ ವರ್ಷಕ್ಕೆ 5,500 ಮಿ.ಮೀ. ಆಸುಪಾಸು ಮಳೆ. ನಿಮ್ಮ ನೆರೆಯ ಅಥಣಿಯಲ್ಲಿ ವರ್ಷಕ್ಕೆ 600 ಮಿ.ಮೀ. ಬಿದ್ದರೆ ಒಳ್ಳೇ ಮಳೆಗಾಲ. 2021ರ ಜುಲೈ 22–23ರ ನಡುವೆ ಮಹಾಬಳೇಶ್ವರದಲ್ಲಿ 24 ಗಂಟೆಯಲ್ಲಿ 590 ಮಿ.ಮೀ. ದಾಟಿ ಮಳೆ ಸುರಿಯಿತು. ಅಥಣಿಯ ಒಂದು ವರ್ಷದ ಮಳೆ ಅಲ್ಲಿ ಒಂದೇ ದಿನದಲ್ಲಿ ಬಿತ್ತು. ನಿಮ್ಮಲ್ಲಿ ಬಿಸಿಲು ಇರುವಾಗ ಹೊಳೆ ಏರುವುದಕ್ಕೆ ಇದೇ ಕಾರಣ. ಘಟ್ಟದ ನೀರು ನಿಮ್ಮ ಕಡೆ ಬರಲು ಸುಮಾರು ಒಂದೂವರೆಯಿಂದ ಎರಡು ದಿನ ಹಿಡಿಯುತ್ತದೆ. ಆ ಎರಡು ದಿನ ನಿಮಗೆ ಸಿಗುವ ದೊಡ್ಡ ಅನುಕೂಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬರುವ ನೀರು ಒಂದೇ ಹೊಳೆಯದಲ್ಲ. ಕೊಯ್ನಾ ಕರಾಡದಲ್ಲಿ ಕೂಡುತ್ತದೆ, ವಾರಣಾ ಸಾಂಗ್ಲಿ ಹತ್ತಿರ, ಪಂಚಗಂಗಾ ನರಸೋಬಾವಾಡಿಯಲ್ಲಿ. ದೂಧಗಂಗಾ ಗಡಿ ದಾಟಿ ಬಂದು ನಿಮ್ಮ ತಾಲ್ಲೂಕಿನಲ್ಲಿ ಕೂಡುತ್ತದೆ. ಇವು ಒಂದೊಂದು ದಿನ ಹಿಂದೆ ಮುಂದೆ ಏರಿದರೆ ಹೊಳೆ ಹೇಗೋ ತಡೆದುಕೊಳ್ಳುತ್ತದೆ. ಎಲ್ಲವೂ ಒಟ್ಟಿಗೆ ಏರಿದರೆ 2019 ಆಗುತ್ತದೆ. ಆಗ ಇನ್ನೊಂದು ತೊಂದರೆಯೂ ಇದೆ. ಕೃಷ್ಣೆ ತುಂಬಿ ನಿಂತಾಗ ಉಪನದಿಯ ನೀರಿಗೆ ಒಳಗೆ ಬರಲು ದಾರಿ ಸಿಗುವುದಿಲ್ಲ. ಅದು ಹಿಂದಕ್ಕೆ ಒತ್ತಿಕೊಂಡು ಹೋಗುತ್ತದೆ. ದೂಧಗಂಗಾ ದಡದ ಕಾರದಗಾ, ಭೋಜ, ಸದಲಗಾ ಕಡೆ ಹೊಲಗಳಲ್ಲಿ ನೀರು ಹರಿಯದೆ ದಿನಗಟ್ಟಲೆ ನಿಲ್ಲುವುದು ಹೀಗೆ.

ಒಂದು ಮಾತು ಸೇರಿಸುತ್ತೇನೆ. ಹೊಳೆ ಉಕ್ಕುವುದು ಹೊಸದೇನಲ್ಲ. ನರಸೋಬಾವಾಡಿಯ ದತ್ತನ ಗುಡಿಯೊಳಗೆ ಮಳೆಗಾಲದಲ್ಲಿ ನೀರು ಬರುತ್ತದೆ. ಪಾದುಕೆಗಳನ್ನು ಮುಟ್ಟಿ ದಕ್ಷಿಣ ಬಾಗಿಲಿನಿಂದ ಹೊರಗೆ ಹರಿಯುವ ಆ ನೀರಿನಲ್ಲಿ ಮೀಯಲು ಜನ ಸೇರುತ್ತಾರೆ. ಗುಡಿ ಕಟ್ಟಿದವರಿಗೆ ನೀರು ಬರುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೇ ಕಟ್ಟಿದರು.

ಈಗ ಕೊಯ್ನಾ ವಿಷಯ. ಅಣೆಕಟ್ಟು ತುಂಬಿದ ಮೇಲೆ ಮೇಲಿಂದ ಎಷ್ಟು ಬರುತ್ತದೋ ಅಷ್ಟನ್ನು ಕೆಳಗೆ ಬಿಡಲೇಬೇಕು. ಇಲ್ಲದಿದ್ದರೆ ಅಣೆಕಟ್ಟಿಗೇ ಅಪಾಯ. ಗೇಟು ತೆಗೆದ ದಿನ ಹೊಳೆ ಏರಿತು, ಹಾಗಾಗಿ ಗೇಟೇ ಕಾರಣ ಎಂದು ನಮಗೆ ಅನ್ನಿಸುತ್ತದೆ. ಅಣೆಕಟ್ಟು ಇಲ್ಲದೇ ಹೋಗಿದ್ದರೂ ಆ ನೀರು ಬರುತ್ತಿತ್ತು. ಇನ್ನೂ ಬೇಗ ಬರುತ್ತಿತ್ತು. ಇನ್ನೊಂದು ಲೆಕ್ಕವೂ ಇದೆ. ಕೊಯ್ನಾ ಅಣೆಕಟ್ಟಿಗೆ ನೀರು ಬರುವ ಪ್ರದೇಶ ಸುಮಾರು 892 ಚದರ ಕಿ.ಮೀ. ಆಲಮಟ್ಟಿಗೆ ನೀರು ಬರುವ ಪ್ರದೇಶ 33,375 ಚದರ ಕಿ.ಮೀ. ಕೊಯ್ನಾದ್ದು ಅದರಲ್ಲಿ ನೂರಕ್ಕೆ ಮೂರು ಪಾಲೂ ಇಲ್ಲ. ಮಳೆ ಜಾಸ್ತಿ ಬೀಳುವ ಜಾಗ ಅದು, ನಿಜ. ಆದರೆ ಯಾವ ಅಣೆಕಟ್ಟಿಗೂ ಸಿಗದೆ ನೇರವಾಗಿ ಹೊಳೆಗೆ ಇಳಿಯುವ ನೀರೇ ಬಹಳ.

ಹಾಗಾದರೆ ಅಣೆಕಟ್ಟು ನಡೆಸುವವರದು ಏನೂ ತಪ್ಪಿಲ್ಲವೇ? ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಗೇಟು ಯಾಕೆ ತೆಗೆದಿರಿ ಎಂದು ಕೇಳಬೇಡಿ. ಜುಲೈ ಕೊನೆಗೆ ಎಷ್ಟು ಜಾಗ ಖಾಲಿ ಇಟ್ಟಿದ್ದಿರಿ ಎಂದು ಕೇಳಿ. ಕೊಯ್ನಾದಲ್ಲಿ 30 ಟಿಎಂಸಿ ಜಾಗ ಖಾಲಿ ಇದ್ದರೆ, ಪ್ರವಾಹ ಜೋರಾಗಿರುವ ಮೂರು ದಿನ ದಿನಕ್ಕೆ 10 ಟಿಎಂಸಿ ಹಿಡಿದಿಡಬಹುದು. ಅಂದರೆ ಸುಮಾರು 1 ಲಕ್ಷ 15 ಸಾವಿರ ಕ್ಯುಸೆಕ್ ನೀರು ಆ ಮೂರು ದಿನ ನಿಮ್ಮ ಕಡೆ ಬರುವುದಿಲ್ಲ. ಹೊಳೆ ಉಕ್ಕುವುದು ನಿಲ್ಲುವುದಿಲ್ಲ, ಆದರೆ ಅಂಗಳಕ್ಕೆ ಬಂದ ನೀರು ಅಂಗಳದಲ್ಲೇ ನಿಲ್ಲಬಹುದು. ಜಲಾಶಯ ಆಗಲೇ ತುಂಬಿದ್ದರೆ ಈ ಲಾಭ ಸೊನ್ನೆ.

ಯಾಕೆ ಖಾಲಿ ಇಡುವುದಿಲ್ಲ ಎಂದರೆ, ಅವರಿಗೂ ಭಯ ಇದೆ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ಬೇಸಿಗೆಗೆ ನೀರಿಲ್ಲ, ಕರೆಂಟಿಲ್ಲ. ಆಗ ಬೈಯುವವರೂ ನಾವೇ ಅಲ್ವಾ? ಇದಕ್ಕೆ ಎಂಜಿನಿಯರುಗಳ ಬಳಿ ಇರುವ ಉಪಾಯದ ಹೆಸರು ರೂಲ್ ಕರ್ವ್. ಯಾವ ತಾರೀಖಿಗೆ ಜಲಾಶಯ ಯಾವ ಮಟ್ಟಕ್ಕಿಂತ ಮೇಲೆ ಹೋಗಬಾರದು ಎಂದು ಮೊದಲೇ ಗೆರೆ ಹಾಕಿಡುವುದು. ಮಳೆ ಮುನ್ಸೂಚನೆ ಈಗ ಮೂರರಿಂದ ಐದು ದಿನಕ್ಕೆ ಚೆನ್ನಾಗಿಯೇ ಸಿಗುತ್ತದೆ. ಮಳೆ ಬೀಳುವ ಮುಂಚೆಯೇ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಜಾಗ ಮಾಡಿಕೊಳ್ಳಬಹುದು. ಗೆರೆ ಕಾಗದದ ಮೇಲೆ ಇದ್ದರೆ ಸಾಲದು. ಕೊಯ್ನಾ, ವಾರಣಾ, ರಾಧಾನಗರಿ, ಕಾಳಮ್ಮವಾಡಿ, ಹಿಪ್ಪರಗಿ, ಆಲಮಟ್ಟಿ, ಇವನ್ನೆಲ್ಲ ಒಂದೇ ಹೊಳೆಯ ಗೇಟುಗಳೆಂದು ತಿಳಿದು ನಡೆಸಬೇಕು. ನನ್ನ ಅಭಿಪ್ರಾಯದಲ್ಲಿ ಎರಡು ಸರ್ಕಾರಗಳು ಮಾಡಬಹುದಾದ ಅತಿ ಅಗ್ಗದ ಕೆಲಸ ಇದು. ಇದಕ್ಕೆ ಕಾಂಕ್ರೀಟು ಬೇಡ.

ಕೊಯ್ನಾ ನೀರನ್ನು ಪಶ್ಚಿಮಕ್ಕೆ ಬಿಡಲಿ ಎಂಬ ಸಲಹೆಯೂ ಆಗಾಗ ಬರುತ್ತದೆ. ಒಂದು ಪಾಲು ಈಗಲೂ ಹೋಗುತ್ತದೆ. ಸುರಂಗದಲ್ಲಿ ಘಟ್ಟ ಇಳಿದು, ವಿದ್ಯುತ್ ಮಾಡಿ, ವಾಶಿಷ್ಠಿ ನದಿಗೆ ಸೇರುತ್ತದೆ. 2021ರ ಜುಲೈನಲ್ಲಿ ನಿಮ್ಮ ಹೊಳೆ ಏರುತ್ತಿದ್ದ ಅದೇ ದಿನಗಳಲ್ಲಿ ವಾಶಿಷ್ಠಿ ದಡದ ಚಿಪಳೂಣ ಪಟ್ಟಣವೇ ಮುಳುಗಿತ್ತು. ನಮ್ಮ ನೀರನ್ನು ಅವರ ಮನೆಗೆ ಬಿಡಿ ಎಂದ ಹಾಗಾಗುತ್ತದೆ.

ಇನ್ನು ಆಲಮಟ್ಟಿ. ಸಾಂಗ್ಲಿ ನೆಂಟರಿಗೆ ಹೀಗೆ ಹೇಳಿ. ಹೊಳೆ ಹರಿಯುವ ದಾರಿಯಲ್ಲಿ ಸಾಂಗ್ಲಿಯಿಂದ ಆಲಮಟ್ಟಿ 200 ಕಿ.ಮೀ.ಗೂ ದೂರ. ನಡುವೆ ಹಿಪ್ಪರಗಿ ಬ್ಯಾರೇಜ್ ಇದೆ. ಅಣೆಕಟ್ಟಿನ ಹಿನ್ನೀರಿನ ಪರಿಣಾಮ ಅಣೆಕಟ್ಟಿನ ಹತ್ತಿರ ಜಾಸ್ತಿ, ಮೇಲಕ್ಕೆ ಹೋದ ಹಾಗೆ ಕಮ್ಮಿ. ಬಂದಷ್ಟು ನೀರನ್ನು 26 ಗೇಟುಗಳಿಂದ ಹೊರಗೆ ಬಿಡುತ್ತಿರುವಾಗ ಅದು ಇನ್ನೂ ಕಮ್ಮಿ. 2019ರ ಪ್ರವಾಹದ ನಂತರ ಮಹಾರಾಷ್ಟ್ರ ಸರ್ಕಾರವೇ ನಂದಕುಮಾರ್ ವಡ್ನೇರೆ ಅವರ ಸಮಿತಿ ನೇಮಿಸಿತು. ಸಾಂಗ್ಲಿ, ಕೊಲ್ಲಾಪುರ ಮುಳುಗಲು ಆಲಮಟ್ಟಿ ಕಾರಣವಲ್ಲ ಎಂದೇ ಆ ಸಮಿತಿ ವರದಿ ಕೊಟ್ಟಿತು. ಭಾರಿ ಮಳೆ ಮತ್ತು ಹೊಳೆ ಬಯಲಿನ ಒತ್ತುವರಿಯನ್ನು ಅದು ಮುಂದೆ ಮಾಡಿತು. ಹಾಗೆಂದು ಆಲಮಟ್ಟಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಲು ನಾನು ತಯಾರಿಲ್ಲ. ಜಮಖಂಡಿ, ಬಾಗಲಕೋಟೆ ಕಡೆ ಹಿನ್ನೀರಿನ ಅಂಚಿನ ಊರುಗಳಿಗೆ ಜಲಾಶಯದ ಮಟ್ಟ ನೇರವಾಗಿ ತಟ್ಟುತ್ತದೆ. ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಅದು ಜಾರಿಯಾದ ದಿನ ರೂಲ್ ಕರ್ವ್ ಪಾಲಿಸುವ ಜವಾಬ್ದಾರಿ ಕರ್ನಾಟಕಕ್ಕೆ ಈಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚಾಗುತ್ತದೆ.

ಎರಡೂ ಕಡೆಯವರು ಅಣೆಕಟ್ಟಿನ ಮೇಲೆ ಜಗಳ ಆಡುವಾಗ ಒಂದು ಸಂಗತಿ ಮರೆತೇ ಹೋಗುತ್ತದೆ. ಹೊಳೆಗೆ ಇದ್ದ ಜಾಗ ಈಗ ಇಲ್ಲ. ದಡದ ಇಳಿಜಾರಿನವರೆಗೆ ಕಬ್ಬು ಬಂದಿದೆ. ಹೊಲ ಉಳಿಸಿಕೊಳ್ಳಲು ಮಣ್ಣಿನ ಒಡ್ಡು ಹಾಕಿದ್ದಾರೆ. ಇಟ್ಟಂಗಿ ಭಟ್ಟಿಗಳಿವೆ. ಮರಳು ತೆಗೆದ ಕಡೆ ದಡ ಕುಸಿದು ಬೀಳುತ್ತದೆ. ಇವಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ರಸ್ತೆಗಳು. ಸೇತುವೆ ಹೊಳೆಯ ಪಾತ್ರದಷ್ಟೇ ಅಗಲ ಇರುತ್ತದೆ. ಅದರ ಎರಡೂ ಬದಿಗೆ ಹೊಳೆ ಬಯಲಿನ ಮೇಲೆ ಎತ್ತರದ ಮಣ್ಣಿನ ಏರಿ ಹಾಕಿ ರಸ್ತೆ ಮಾಡುತ್ತಾರೆ. ನೀರು ಪಾತ್ರದೊಳಗೆ ಇರುವಾಗ ಎಲ್ಲ ಸರಿ. ಬಯಲಿಗೆ ಬಂದಾಗ ಆ ರಸ್ತೆಯೇ ಒಂದು ಅಣೆಕಟ್ಟು. ಕೊಲ್ಲಾಪುರದ ಹತ್ತಿರ ಶಿರೋಲಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿ 2019ರಲ್ಲಿ ದಿನಗಟ್ಟಲೆ ಬಂದ್ ಆಗಿತ್ತು, 2021ರಲ್ಲೂ ಆಯಿತು. ರಸ್ತೆ ಇನ್ನಷ್ಟು ಎತ್ತರಿಸಿ ಎನ್ನುವುದು ಸುಲಭದ ಕೂಗು. ಏರಿಯ ಕೆಳಗೆ ನೀರು ದಾಟಲು ಸಾಲು ಸಾಲು ಕಿಂಡಿ ಇಡದೆ ಎತ್ತರಿಸಿದರೆ ಮೇಲಿನ ಊರಿಗೆ ಅದೇ ಶಿಕ್ಷೆ. ನಿಮ್ಮೂರ ಹತ್ತಿರ ಹೊಸ ಸೇತುವೆ ಬಂದರೆ ನಕ್ಷೆಯಲ್ಲಿ ಮೊದಲು ಈ ಕಿಂಡಿಗಳನ್ನು ಹುಡುಕಿ.

ಹೊಳೆಯ ಜಾಗ ಹೇಗೆ ಕರಗುತ್ತದೆ ಎಂದು ನೋಡಬೇಕಾದರೆ ಮಲಪ್ರಭೆಯ ದಡಕ್ಕೆ ಹೋಗಬೇಕು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಸುಮಾರು 37 ಟಿಎಂಸಿ ಅಣೆಕಟ್ಟು ಕಟ್ಟಿದರು. ಅದು ತುಂಬುವುದೇ ಅಪರೂಪ. ಅಣೆಕಟ್ಟಿನ ಕೆಳಗೆ ಹೊಳೆ ವರ್ಷಗಟ್ಟಲೆ ಒಣಗಿ ಬಿತ್ತು. ಒಣಗಿದ ಹೊಳೆಯನ್ನು ಯಾರು ಸುಮ್ನೆ ಬಿಡುತ್ತಾರೆ? ಎರಡೂ ದಡದವರು ಒಳಗೊಳಗೆ ಬಂದರು. ಪಾತ್ರದಲ್ಲೇ ಬೆಳೆ ಬಂತು. ಮುಳ್ಳುಜಾಲಿ ಬೆಳೆಯಿತು. ಹೊಳೆ ಎಂದರೆ ಇಷ್ಟೇ ಎಂದು ಹೊಸ ತಲೆಮಾರು ತಿಳಿಯಿತು. 2019ರ ಆಗಸ್ಟ್‌ನಲ್ಲಿ ಖಾನಾಪುರದ ಕಾಡಿನಲ್ಲಿ ಮಳೆ ಹೊಡೆದು ಅಣೆಕಟ್ಟು ತುಂಬಿತು, ಗೇಟು ತೆಗೆಯಲೇಬೇಕಾಯಿತು. ರಾಮದುರ್ಗ, ಕೊಣ್ಣೂರು, ಹೊಳೆಆಲೂರು ಕಡೆ ಮನೆಗಳು ಮುಳುಗಿದವು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತು. ಬಯಲು ಸೀಮೆಯ ಎರೆಮಣ್ಣಿನಿಂದ ಬರುವ ಬೆಣ್ಣಿಹಳ್ಳ ಬೇರೆ, ಅದರ ಮೇಲೆ ಅಣೆಕಟ್ಟಿನ ಹತೋಟಿಯೇ ಇಲ್ಲ. ಅಣೆಕಟ್ಟು ಸಣ್ಣ ಪ್ರವಾಹಗಳನ್ನು ನುಂಗುತ್ತದೆ. ಅದರಿಂದ ಜನಕ್ಕೆ ಧೈರ್ಯ ಬರುತ್ತದೆ. ದೊಡ್ಡ ಪ್ರವಾಹ ಬಂದಾಗ ಆ ಧೈರ್ಯದ ಮೇಲೆ ಕಟ್ಟಿದ ಮನೆ, ಹಾಕಿದ ಪಂಪ್‌ಸೆಟ್ಟು ಎಲ್ಲ ನೀರಿನ ದಾರಿಯಲ್ಲಿ ಇರುತ್ತವೆ.

ತಡೆಗೋಡೆ ಕೇಳಿದ್ದೀರಿ. ಪೇಟೆಯ ಒಂದು ಭಾಗಕ್ಕೆ, ದಡ ಕೊರೆಯುವ ತಿರುವಿಗೆ ಗೋಡೆ ಸರಿ. ಊರಿಡೀ, ಮೈಲುಗಟ್ಟಲೆ ಗೋಡೆ ಬೇಡ ಎನ್ನುವವನು ನಾನು. ಈ ದಡದಲ್ಲಿ ಗೋಡೆ ಎದ್ದರೆ ಆ ದಡಕ್ಕೆ ನೀರು ಜಾಸ್ತಿ. ಊರೊಳಗೆ ಬಿದ್ದ ಮಳೆ ನೀರು ಹೊರಗೆ ಹೋಗಲಾರದು. ಅದಕ್ಕೆ ತೂಬು, ದೊಡ್ಡ ಪಂಪು ಬೇಕು, ಆ ಹೊತ್ತಿಗೆ ಕರೆಂಟು ಇರಬೇಕು. ಬಿಹಾರದ ಅನುಭವ ನೋಡಿ. 1954ರಲ್ಲಿ ಅಲ್ಲಿ ಹೊಳೆ ಏರಿಗಳ ಉದ್ದ 160 ಕಿ.ಮೀ., ಪ್ರವಾಹಕ್ಕೆ ಸಿಗುವ ಪ್ರದೇಶ 25 ಲಕ್ಷ ಹೆಕ್ಟೇರ್. ಆಮೇಲೆ ಏರಿ 3,400 ಕಿ.ಮೀ. ದಾಟಿತು. ಪ್ರವಾಹದ ಪ್ರದೇಶ 68 ಲಕ್ಷ ಹೆಕ್ಟೇರ್ ಆಯಿತು. 2008ರ ಆಗಸ್ಟ್‌ನಲ್ಲಿ ನೇಪಾಳದ ಕುಸಹಾದಲ್ಲಿ ಕೋಸಿ ನದಿಯ ಏರಿ ಒಡೆದಾಗ ನೀರು ನುಗ್ಗಿದ್ದು ಸುರಕ್ಷಿತ ಎಂದು ನಂಬಿದ್ದ ಊರುಗಳಿಗೆ. ಕೋಸಿಯಷ್ಟು ಹೂಳು ಕೃಷ್ಣೆ ತರುವುದಿಲ್ಲ, ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಗೋಡೆ ಒಡೆದಾಗ ಬರುವ ನೀರು ನಿಧಾನಕ್ಕೆ ಏರುವುದಿಲ್ಲ. ಒಮ್ಮೆಲೇ ಬರುತ್ತದೆ. ನಿಮ್ಮ ಹೊಳೆಯ ದೊಡ್ಡ ಪುಣ್ಯವೇ ಅದು ಹೇಳಿ ಬರುವುದು. ಆ ಪುಣ್ಯ ಕಳೆದುಕೊಳ್ಳಬೇಡಿ.

ಹೇಳಿ ಬರುವುದು ಎಂದರೆ ಹೀಗೆ. ಮಳೆಗಾಲದಲ್ಲಿ ತಾಲ್ಲೂಕು ಆಡಳಿತ ದಿನಾ ಲೆಕ್ಕ ಕೊಡುತ್ತದೆ. ರಾಜಾಪುರ ಬ್ಯಾರೇಜಿನಿಂದ ಇಷ್ಟು, ದೂಧಗಂಗಾದಿಂದ ಇಷ್ಟು, ಒಟ್ಟು ಕಲ್ಲೋಳ ಬ್ಯಾರೇಜ್ ಹತ್ತಿರ ಇಷ್ಟು ಕ್ಯುಸೆಕ್. ಜನ ಅದನ್ನು ವಾಟ್ಸಾಪಿನಲ್ಲಿ ಮುಂದೆ ಕಳಿಸುತ್ತಾರೆ, ಅಷ್ಟೇ. ಒಂದು ನೋಟ್‌ಬುಕ್ ಇಡಿ. ಕಲ್ಲೋಳದಲ್ಲಿ ಎಷ್ಟು ಕ್ಯುಸೆಕ್ ಆದಾಗ ನಿಮ್ಮೂರ ಸೇತುವೆ ಮುಳುಗಿತು, ಎಷ್ಟಾದಾಗ ನಿಮ್ಮ ತೋಟಕ್ಕೆ ನೀರು ಬಂತು, ಎಷ್ಟಾದಾಗ ಊರ ಓಣಿಗೆ ಬಂತು ಎಂದು ಬರೆಯಿರಿ. ಎರಡು ಮಳೆಗಾಲದಲ್ಲಿ ನಿಮ್ಮೂರಿನದೇ ಒಂದು ಮುನ್ಸೂಚನೆ ತಯಾರಾಗುತ್ತದೆ. ಜೊತೆಗೆ ಕೊಯ್ನಾ ಎಷ್ಟು ತುಂಬಿದೆ, ಘಟ್ಟದಲ್ಲಿ ಮುಂದಿನ ಮೂರು ದಿನ ಮಳೆ ಹೇಗೆ ಎಂದು ನೋಡಿ. ಕೊಯ್ನಾ ತುಂಬಿದೆ, ಮಹಾಬಳೇಶ್ವರದಲ್ಲಿ ಮಳೆ ಹೊಡೆಯುತ್ತಿದೆ ಎಂದರೆ ದನಕರು, ಮೇವು, ಪಂಪ್‌ಸೆಟ್ಟು ಅವತ್ತೇ ಮೇಲೆ ಸಾಗಿಸಿ. ದನಕ್ಕೆ ಜಾಗ ಇಲ್ಲವೆಂದೇ ಜನ ಕಾಳಜಿ ಕೇಂದ್ರಕ್ಕೆ ಹೋಗದೆ ಕೊನೇ ಗಳಿಗೆಯವರೆಗೆ ತೋಟದ ಮನೆಯಲ್ಲಿ ಉಳಿಯುತ್ತಾರೆ. ಆಮೇಲೆ ಬೋಟು ಬೇಕಾಗುತ್ತದೆ. ಕಾಳಜಿ ಕೇಂದ್ರದ ಪಕ್ಕ ಗೋಶೆಡ್ಡು ಮತ್ತು ಮೇವು ಇಟ್ಟರೆ ಅರ್ಧ ಬೋಟು ಉಳಿಯುತ್ತವೆ.

ನಷ್ಟದ ಬಗ್ಗೆ ನೀವು ಕೇಳಿಲ್ಲ, ಆದರೂ ಮೂರು ಮಾತು. ನೀರು ಎಷ್ಟು ಎತ್ತರ ಬಂತು ಎನ್ನುವುದಕ್ಕಿಂತ ಎಷ್ಟು ದಿನ ನಿಂತಿತು ಎನ್ನುವುದು ಮುಖ್ಯ. ಸುಳಿ ಮೇಲೆ ಉಳಿದಿದ್ದರೆ ಕಬ್ಬು ಕೆಲವು ದಿನ ತಡೆಯುತ್ತದೆ. ಸುಳಿಯೊಳಗೆ ರಾಡಿ ತುಂಬಿದರೆ ಕೊಳೆಯುತ್ತದೆ, ಅದನ್ನು ಕಾಯುತ್ತ ಕೂರಬೇಡಿ. ಮಣ್ಣಿನ ಗೋಡೆಯ ಮನೆಗಳು ನೀರು ಇಳಿದ ಮೇಲೂ ಬೀಳುತ್ತವೆ, ನೆನೆದ ಗೋಡೆಗೆ ಆನಿಕೆ ಹೋಗಿರುತ್ತದೆ. ಹಾಗಾಗಿ ನೀರು ಇಳಿದ ದಿನವೇ ಒಳಗೆ ಮಲಗಬೇಡಿ. ದನಗಳಿಗೆ ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಹಾಕಿಸಿ. ಬಾವಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕದೆ ಕುಡಿಯಬೇಡಿ. ಇಲಿ ಜ್ವರ ಹರಡುವುದು ಇಂಥ ರಾಡಿಯಲ್ಲೇ. ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಲಾವಣಿ (ಗೇಣಿ) ಹಿಡಿದು ಉಳುಮೆ ಮಾಡಿದವರಿಗೆ ಸಿಗುವುದು ಮಾಲೀಕರು ಮನಸ್ಸು ಮಾಡಿದರೆ ಮಾತ್ರ. ಇದು ಪ್ರತಿ ಮಹಾಪೂರದಲ್ಲೂ ನಡೆಯುವ ಅನ್ಯಾಯ. ಇದರ ಬಗ್ಗೆ ಮಾತಾಡುವವರು ಕಮ್ಮಿ.

ಕೊನೆಗೆ ಮನೆ. ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಪ್ರತಿ ವರ್ಷ ನೂರರಲ್ಲಿ ಒಂದು ಸಾಧ್ಯತೆ. ಮನೆಗೆ 30 ವರ್ಷ ಆಯಸ್ಸು ಹಿಡಿದರೆ, ಅಷ್ಟರೊಳಗೆ ಒಮ್ಮೆಯಾದರೂ ಅಂಥ ನೀರು ಬರುವ ಸಾಧ್ಯತೆ ನೂರಕ್ಕೆ 26. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪ್ರವಾಹ ಮುಟ್ಟುವ ಜಾಗದಲ್ಲಿ ಕಟ್ಟಿದರೆ ನೂರಕ್ಕೆ 71. ಮಹಾರಾಷ್ಟ್ರದಲ್ಲಿ ಇಪ್ಪತ್ತೈದು ವರ್ಷದ ಮಟ್ಟಕ್ಕೆ ನೀಲಿ ರೇಖೆ, ನೂರು ವರ್ಷದ ಮಟ್ಟಕ್ಕೆ ಕೆಂಪು ರೇಖೆ ಎಂದು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ನೀಲಿ ರೇಖೆಯ ಒಳಗೆ ಕಟ್ಟುವಂತಿಲ್ಲ. ಪಾಲನೆ ಅಷ್ಟಕ್ಕಷ್ಟೇ, ಆದರೂ ರೇಖೆ ಇದೆ. ಹೊಳೆ ಬಯಲಿನಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಬಾರದು ಎಂಬ ಮಾದರಿ ಕಾನೂನನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನದಂಥ ಕೆಲವೇ ರಾಜ್ಯಗಳು ಅದನ್ನು ಕಾನೂನು ಮಾಡಿದವು. ನಮ್ಮದು ಆ ಪಟ್ಟಿಯಲ್ಲಿ ಇಲ್ಲ.

ಹಾಗಾಗಿ ನಿಮ್ಮ ರೇಖೆಯನ್ನು ನೀವೇ ಹಾಕಿಕೊಳ್ಳಬೇಕು. 2019ರ ನೀರಿನ ಗುರುತು ಊರಿನ ಯಾವುದಾದರೂ ಗಟ್ಟಿ ಗೋಡೆಯ ಮೇಲೆ, ಗುಡಿಯ ಕಂಬದ ಮೇಲೆ ಇನ್ನೂ ಇರುತ್ತದೆ. ಅಲ್ಲಿಂದ ನಿಮ್ಮ ಜಾಗಕ್ಕೆ ಲೆವೆಲ್ ಪೈಪಿನಲ್ಲಿ ಮಟ್ಟ ತೆಗೆಸಿ. ಮನೆಯ ನೆಲ ಆ ಗುರುತಿಗಿಂತ ಎರಡು ಅಡಿ ಮೇಲೆ ಬರಬೇಕು. ಇದಕ್ಕೆ ಪಾಯವನ್ನು ಮೂರು ನಾಲ್ಕು ಅಡಿ ಎತ್ತರಿಸಿದರೆ ಸಾಕು ಎಂದಾದರೆ ಹಳೇ ಜಾಗದಲ್ಲೇ ಕಟ್ಟಿ. ಆರು ಏಳು ಅಡಿ ಬೇಕು ಎಂದಾದರೆ ಆ ಜಾಗ ಬಿಡಿ. ದನದ ಕೊಟ್ಟಿಗೆ, ಪಂಪಿನ ಶೆಡ್ಡು ಇರಲಿ, ಮನೆ ಬೇಡ. ಅಂಗಳಕ್ಕೆ ಮಣ್ಣು ಸುರಿದು ಎತ್ತರಿಸಬೇಡಿ, ಪಕ್ಕದವರ ನೀರು ಕಟ್ಟಿಕೊಳ್ಳುತ್ತದೆ. ಪಾಯದವರೆಗೆ ಕಲ್ಲು ಸಿಮೆಂಟ್ ಹಾಕಿ, ಮೇಲೆ ಆರ್‌ಸಿಸಿ ಮಾಡಿ. ಮಾಳಿಗೆಗೆ ಹೊರಗಿನಿಂದ ಮೆಟ್ಟಿಲು ಇರಲಿ. ಮೀಟರ್ ಬೋರ್ಡು ಎದೆಮಟ್ಟಕ್ಕಿಂತ ಮೇಲಿರಲಿ.

ಸರ್ಕಾರ ಬೇರೆ ಕಡೆ ಜಾಗ ಕೊಡುತ್ತೇನೆ ಎಂದರೆ ತಕ್ಷಣ ಬೇಡ ಎನ್ನಬೇಡಿ, ತಕ್ಷಣ ಹ್ಞೂಂ ಎಂದೂ ಹೇಳಬೇಡಿ. 2009ರ ಪ್ರವಾಹದ ನಂತರ ಕಟ್ಟಿದ ಆಸರೆ ಮನೆಗಳಲ್ಲಿ ಎಷ್ಟೋ ಇನ್ನೂ ಖಾಲಿ ಬಿದ್ದಿವೆ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ಗಳೆ ಸಾಮಾನು ಇಡಲು ಜಾಗ ಇಲ್ಲ. ರೈತನ ಮನೆಯನ್ನು ಪೇಟೆಯ ನೌಕರನ ಮನೆಯ ಲೆಕ್ಕದಲ್ಲಿ ಕಟ್ಟಿದರೆ ಆಗುವುದೇ ಹೀಗೆ. ಹೊಲದಿಂದ ಎರಡು ಮೂರು ಕಿ.ಮೀ. ಒಳಗೆ ಇದೆಯೇ, ನಿವೇಶನದಲ್ಲಿ ನಾಲ್ಕು ದನ ನಿಲ್ಲುತ್ತವೆಯೇ, ಕುಡಿಯುವ ನೀರು ಬಂದಿದೆಯೇ, ಹಕ್ಕುಪತ್ರ ಕೈಗೆ ಸಿಗುತ್ತದೆಯೇ ಎಂದು ನೋಡಿ. ಹಕ್ಕುಪತ್ರ ಕೈಗೆ ಬರುವವರೆಗೆ ಹಳೇ ಜಾಗದ ಉತಾರ ಯಾರಿಗೂ ಬರೆದುಕೊಡಬೇಡಿ.